ಹನ್ನೆರಡು ಮಾರು ಆಳದ ದಿಣ್ಣೆ

ಮರಳಿನ ಒಂದು ಕಾಳನ್ನು ಹಿಡಿದು, ನೀನು ಕೊನೆಯ ಸಲ ಬಿಸಿಲು ಕಂಡದ್ದು ಯಾವ ವರ್ಷ ಎಂದು ಕೇಳಿದರೆ ಅದು ಉತ್ತರ ಕೊಡುತ್ತದೆ. ನಂಬದವರು ನಮ್ಮ ಕಚೇರಿಗೆ ಬಂದು ನೋಡಬಹುದು. ಬಂದರಿನ ಹಳೇ ಮಂಜುಗಡ್ಡೆ ಕಾರ್ಖಾನೆಯೇ ನಮ್ಮ ಕಚೇರಿ. ಮಂಜುಗಡ್ಡೆ ಇಡುತ್ತಿದ್ದ ಕೋಣೆಗೆ ಕಿಟಕಿಯಿಲ್ಲ, ಹಾಗಾಗಿ ಅದನ್ನು ಕತ್ತಲಕೋಣೆ ಮಾಡಿಕೊಂಡಿದ್ದೇವೆ. ಗೋಡೆಯಿಂದ ಈಗಲೂ ಬಂಗುಡೆ ವಾಸನೆ ಬರುತ್ತದಂತೆ. ನನಗೆ ಅದು ವಾಸನೆ ಅನ್ನಿಸುವುದಿಲ್ಲ. ಧಾರವಾಡದ ಕಡೆಯಿಂದ ಬಂದ ನಮ್ಮ ಮುಖ್ಯಸ್ಥೆ ಡಾಕ್ಟರ್ ಅಂಬುಜಾ ಹುಲ್ಲೂರ ಮಾತ್ರ ಮೊದಲ ವರ್ಷವೆಲ್ಲ ಮೂಗಿಗೆ ಕರವಸ್ತ್ರ ಹಿಡಿದೇ ಕೆಲಸ ಮಾಡಿದರು.

ಲೆಕ್ಕ ಸರಳ. ಮರಳಿನ ಕಾಳು ಕತ್ತಲಲ್ಲಿ ಹೂತುಹೋದ ದಿನದಿಂದ ಸುತ್ತಲಿನ ಮಣ್ಣಿನ ಅಲ್ಪಸ್ವಲ್ಪ ವಿಕಿರಣವನ್ನು ತನ್ನೊಳಗೆ ಕೂಡಿಡುತ್ತ ಹೋಗುತ್ತದೆ, ವರ್ಷಕ್ಕೆ ಇಷ್ಟು ಎಂದು. ಬಿಸಿಲು ಬಿದ್ದರೆ ಕೂಡಿಟ್ಟದ್ದೆಲ್ಲ ಖಾಲಿ. ಹಸಿರು ಬೆಳಕು ಚುಚ್ಚಿದರೆ ಅದು ನೀಲಿ ಮಿಣುಕಾಗಿ ಹೊರಗೆ ಬರುತ್ತದೆ. ಮಿಣುಕನ್ನು ಅಳೆದರೆ ವರ್ಷ ಸಿಕ್ಕಿತು. ಇದು ಹಳೇ ವಿದ್ಯೆ. ಹಿಂದೆ ಮರಳನ್ನು ಕೊಳವೆಯಲ್ಲಿ ತುಂಬಿ ತಂದು ತಿಂಗಳುಗಟ್ಟಲೆ ಕಾಯಬೇಕಿತ್ತು, ಉತ್ತರವೂ ಐನೂರು ವರ್ಷ ಆಚೀಚೆ ಆಗುತ್ತಿತ್ತು. ಈಗಿನ ಯಂತ್ರ ಸಮುದ್ರದ ತಳದಲ್ಲೇ ಕವುಚಿ ಕೂತು ಅರ್ಧ ಗಂಟೆಯಲ್ಲಿ ಸಾವಿರ ಕಾಳುಗಳನ್ನು ಒಂದೊಂದಾಗಿ ವಿಚಾರಿಸುತ್ತದೆ. ಒಂಬತ್ತು ಸಾವಿರ ವರ್ಷ ಹಿಂದಿನದನ್ನೂ ನಾಲ್ಕೈದು ವರ್ಷದ ತಪ್ಪಿನೊಳಗೆ ಹೇಳುತ್ತದೆ. ಅದಕ್ಕೊಂದು ಉದ್ದನೆಯ ಸರಕಾರಿ ಹೆಸರಿದೆ. ನೋಡಲು ಕವುಚಿ ಹಾಕಿದ ಕೊಡಪಾನದ ಹಾಗಿರುವುದರಿಂದ ದೋಣಿಯವರು ಕೊಡಪಾನ ಎಂದರು, ನಾವೂ ಹಾಗೇ ಕರೆಯುತ್ತೇವೆ.

ಕೊಡಪಾನ ಹಿಡಿದು ನಾವು ಹುಡುಕುವುದು ಹಳೇ ದಡಗಳನ್ನು. ಒಂಬತ್ತು ಸಾವಿರ ವರ್ಷಗಳ ಹಿಂದೆ ಕಡಲು ಈಗಿರುವಲ್ಲಿ ಇರಲಿಲ್ಲ. ಇವತ್ತು ಒಂದು ಗಂಟೆ ದೋಣಿ ಬಿಟ್ಟರೆ ಸಿಗುವ ಹನ್ನೆರಡು ಮಾರು ಆಳದ ಜಾಗವೇ ಆಗಿನ ತೀರ. ಮಂಜು ಕರಗಿ ಕಡಲು ಏರಿದಂತೆ ಆ ತೀರದ ಮರಳದಿಣ್ಣೆಗಳಿಗೆ ಎರಡರಲ್ಲಿ ಒಂದು ಗತಿ ಆಯಿತು. ಕೆಲವು ಅಲೆಗೆ ಉರುಳುರುಳುತ್ತ ಮೂಡಣಕ್ಕೆ ಸರಿದವು. ನೂರಾರು ವರ್ಷ ಸರಿಯುತ್ತಲೇ ಬದುಕಿದವು. ಕೆಲವು ಸರಿಯಲಿಲ್ಲ. ನಿಂತಲ್ಲೇ ನಿಂತು ಒಂದೆರಡು ಮಳೆಗಾಲದಲ್ಲಿ ಮುಳುಗಿದವು.

ಇದು ಬರೀ ಪುರಾತತ್ವದ ಕುತೂಹಲವಾಗಿ ಉಳಿದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಈಗಿನ ಕಡಲೂ ನನ್ನ ಅಜ್ಜಿಯ ಕಾಲಕ್ಕಿಂತ ಮೊಣಕಾಲುದ್ದ ಏರಿದೆ. ಯಾವ ಊರು ಎಷ್ಟು ವರ್ಷ ಉಳಿದೀತು ಎಂದು ಹೇಳುವ ಗೆರೆಯೊಂದನ್ನು ಸರಕಾರ ಎಳೆಯುತ್ತಿದೆ. ಊರಿನ ಎದುರು ಮುಳುಗಿರುವ ಹಳೇ ದಿಣ್ಣೆ ಹೇಗೆ ನಡೆದುಕೊಂಡಿತ್ತೋ, ಅದೇ ನದಿಯ ಮರಳಿನಿಂದ ಆದ ಈಗಿನ ದಿಣ್ಣೆಯೂ ಹಾಗೇ ನಡೆದುಕೊಳ್ಳುತ್ತದೆ ಎಂಬುದು ಹುಲ್ಲೂರ ಮೇಡಂ ಅವರ ಸಿದ್ಧಾಂತ. ಆರು ಊರುಗಳಲ್ಲಿ ಅದು ಸರಿಯಾಗಿತ್ತು. ಏಳನೆಯದು ಪಡುಕೋಡಿ, ನನ್ನ ಊರು.

ಪಡುಕೋಡಿ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ನಾಲಿಗೆ. ನೂರ ನಲವತ್ತು ಮನೆ. ನಾನು, ಅಮ್ಮ ಗುಲಾಬಿ, ಅಮ್ಮನ ಅಣ್ಣ ವಾಮನ ಮರಕಾಲರು ಒಂದು ಮನೆಯಲ್ಲಿದ್ದೆವು. ಮಾವನಿಗೆ ಎಪ್ಪತ್ತಮೂರು ದಾಟಿತ್ತು. ಚಿಕ್ಕ ದೋಣಿಯಲ್ಲಿ ಒಬ್ಬರೇ ಹೋಗಿ ಗಾಳ ಹಾಕುವುದನ್ನು ಬಿಟ್ಟಿರಲಿಲ್ಲ. ಊರಿನ ದೊಡ್ಡ ಬೋಟುಗಳು ಬರಿಗೈಲಿ ಬಂದ ದಿನವೂ ಅವರ ಬುಟ್ಟಿಯಲ್ಲಿ ಕಲ್ಲಿನ ಸಂದಿಯ ಮೀನು, ಎರಡು ಕೆಂಬೇರಿ, ಒಂದು ಮುರು, ಇರುತ್ತಿತ್ತು. ಎಲ್ಲಿ ಹಿಡಿದಿರಿ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುತ್ತಿದ್ದರು. ಆ ಉತ್ತರ ಸರಿ ಇರುತ್ತಿರಲಿಲ್ಲ, ಅಷ್ಟೇ.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೀನಿರುವ ಕಲ್ಲು ಸಮುದ್ರದ ಮೇಲಿಂದ ಕಾಣುವುದಿಲ್ಲ. ದಡದ ಮೇಲಿನ ಎರಡು ವಸ್ತು ಒಂದರ ಹಿಂದೆ ಒಂದು ಬರುವ ಹಾಗೆ ದೋಣಿ ನಿಲ್ಲಿಸಬೇಕು. ಅದು ಒಂದು ಗುರ್ತು. ಬೇರೆ ದಿಕ್ಕಿನಲ್ಲಿ ಇನ್ನೊಂದು ಜೋಡಿ ಕೂಡಬೇಕು. ಅದು ಎರಡನೇ ಗುರ್ತು. ಎರಡೂ ಕೂಡಿದಲ್ಲಿ ಕಲ್ಲು. ಈ ಗುರ್ತು ಮಾವನಿಂದ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಹೋಗುತ್ತದೆ, ಬೇರೆ ಯಾರಿಗೂ ಇಲ್ಲ. ಆದರೆ ಕೇಳಿದವನ ಮುಖ ಮುರಿಯುವುದೂ ಸಭ್ಯತೆಯಲ್ಲ. ಹಾಗಾಗಿ ನಮ್ಮವರು ಒಂದು ಗುರ್ತು ಸರಿ ಹೇಳುತ್ತಾರೆ, ಇನ್ನೊಂದು ತಪ್ಪು. ಕೇಳಿದವನಿಗೂ ಇದು ಗೊತ್ತು. ಅವನೂ ಹೌದೌದು ಎಂದು ತಲೆಯಾಡಿಸಿ ಹೋಗುತ್ತಾನೆ. ಜಿಪಿಎಸ್ ಬಂದು ಎಷ್ಟೋ ಕಾಲವಾದರೂ ಮಾವ ಆ ಜಾಗವನ್ನು ಅದರಲ್ಲಿ ಹಾಕಿರಲಿಲ್ಲ, ಪೆಟ್ಟಿಗೆ ಕದ್ದರೆ ಕಲ್ಲೂ ಹೋಯಿತು ಎಂಬ ಲೆಕ್ಕ. ನಮ್ಮ ಮನೆಯಲ್ಲಿ ಆ ಕಲ್ಲಿಗೆ ಹೆಸರೂ ಇರಲಿಲ್ಲ. ‘ಅಲ್ಲಿ’ ಎಂದರೆ ಅದೇ.

ಮಾವನಿಗೆ ಅಳಿಯ ಇಲ್ಲ. ಇರುವುದು ತಂಗಿಯ ಮಗಳು ಸುಗಂಧಿ, ಅಂದರೆ ನಾನು.

ಪಡುಕೋಡಿಯ ಎದುರಿನ ತಳವೆಲ್ಲ ಕೆಸರು. ಕೆಸರಿನಲ್ಲಿ ಕೊಡಪಾನ ಕೂರುವುದಿಲ್ಲ, ತಳ ಬಿಚ್ಚಿಕೊಂಡಿರುವ ಜಾಗ ಬೇಕು. ಒಂದು ಊರಿಗೆ ನಮಗೆ ಕೊಟ್ಟ ಅವಧಿ ಹತ್ತು ದಿನ. ಕಡಲೆಲ್ಲ ಜಾಲಾಡುತ್ತ ಕೂರುವ ಹಾಗಿರಲಿಲ್ಲ. ಮೀನಿನ ಕಲ್ಲು ಇರುವಲ್ಲಿ ಕೆಸರು ನಿಲ್ಲದು, ಮಾವನನ್ನು ಕೇಳೋಣ ಎಂದು ಹೇಳಿದವಳು ನಾನೇ. ಮೇಡಂ ಇಬ್ಬರು ಸಹಾಯಕರನ್ನು ಕರೆದುಕೊಂಡು ಮನೆಗೆ ಬಂದರು. ಅಮ್ಮ ಚಾ, ಗೋಳಿಬಜೆ ಕೊಟ್ಟರು. ಸರ್ವೆಯವರು ಬಂದಿದ್ದಾರೆಂದು ಅಕ್ಕಪಕ್ಕದ ನಾಲ್ಕು ಜನ ಬೇಲಿಯ ಆಚೆ ನಿಂತು ಕಿವಿ ಕೊಟ್ಟಿದ್ದರು.

“ಲೈಟ್‌ಹೌಸ್ ಗುಡ್ಡೆಯ ತಗ್ಗಲ್ಲಿ ಬಂದ್ ಕೂರ್ಕ್,” ಎಂದರು ಮಾವ. “ಹೆಂಚಿನ ಕಾರ್ಖಾನೆ ಚಿಮಣಿ ಹಿಂದಿನ ಬೆಟ್ಟದ ಮೂಗಿಗ್ ತಾಗ್ಕ್. ಅಲ್ಲಿಗ್ ಆಯ್ತ್.”

ಸಹಾಯಕರು ಬರೆದುಕೊಂಡರು. ನನ್ನ ಎದೆ ತುಂಬಿ ಬಂತು. ಐವತ್ತು ವರ್ಷ ಯಾರಿಗೂ ಹೇಳದ ಜಾಗವನ್ನು ನನ್ನ ಮುಖ ನೋಡಿ ಹೇಳಿದರಲ್ಲ ಎಂದು ಹೆಮ್ಮೆ. ಬೇಲಿಯ ಆಚೆ ನಿಂತವರು ಮುಸಿಮುಸಿ ನಗುತ್ತಿದ್ದುದು ಕಂಡಿತ್ತು. ಕಂಡರೂ ನನಗೆ ಬುದ್ಧಿ ಬರಲಿಲ್ಲ.

ಮರುದಿನ ಸಹಾಯಕರು ಆ ಗುರ್ತಿನಲ್ಲಿ ಕೊಡಪಾನ ಇಳಿಸಿದರು. ನಾನು ಮೇಡಂ ಜೊತೆ ಕಚೇರಿಯ ಪರದೆಯ ಮುಂದೆ ಕೂತಿದ್ದೆ. ಒಂದು ಕಾಳಿಗೆ ಒಂದು ಚುಕ್ಕೆ. ನಿಂತಲ್ಲೇ ಮುಳುಗಿದ ದಿಣ್ಣೆಯಾದರೆ ಚುಕ್ಕೆಗಳೆಲ್ಲ ಒಂದೇ ವರ್ಷದ ಸುತ್ತ ಗೆರೆ ಕಟ್ಟಬೇಕು, ಉರುಳಿ ಸರಿದದ್ದಾದರೆ ಚೆದುರಬೇಕು. ಚುಕ್ಕೆಗಳು ಮೊರದಿಂದ ಅಕ್ಕಿ ಚೆಲ್ಲಿದ ಹಾಗೆ ಚೆದುರಿ ಬಿದ್ದವು. ನಾನೂರು ವರ್ಷದ ಅಗಲಕ್ಕೆ ಎಲ್ಲೆಂದರಲ್ಲಿ.

“ಸರದದ್ದೇ ಅದ,” ಎಂದರು ಮೇಡಂ. ಅವರ ಮುಖವೂ ಅರಳಿತ್ತು. ಆಮೇಲೆ ಕ್ಯಾಮೆರಾದ ಚಿತ್ರ ನೋಡುತ್ತ, “ಅಲ್ರೀ ಸುಗಂಧಿ, ನಿಮ್ಮ ಮಾವಾರು ಹೇಳಿದ ಕಲ್ಲು ಎಲ್ಲದ ಇಲ್ಲೆ?” ಎಂದು ಕೇಳಿದರು.

ತಳದಲ್ಲಿ ಕಲ್ಲಿರಲಿಲ್ಲ. ತೆಳ್ಳಗೆ ಕೆಸರು, ಅದರ ಕೆಳಗೆ ಸಡಿಲ ಮರಳು. “ಹೋದ ಮಳೆಗೆ ಕೆಸರು ಮುಚ್ಚಿರಬೇಕು ಮೇಡಂ,” ಎಂದೆ ನಾನು. ಹಾಗೆಂದದ್ದು ನನಗೆ ಹಾಗೆ ಅನ್ನಿಸಿದ್ದರಿಂದಲ್ಲ. ಹಾಗಿರಲಿ ಎಂದು ಆಸೆಯಿತ್ತು. ವರದಿಯ ಕೆಳಗೆ ಮೊದಲ ಸಹಿ ನನ್ನದು.

ಗೆರೆ ಪ್ರಕಟವಾಯಿತು. ಪಡುಕೋಡಿ ಮೂವತ್ತು ವರ್ಷ ಇರಬಹುದು. ಪಶ್ಚಿಮದ ಸಾಲಿನ ಮನೆಗಳು ನಿಧಾನಕ್ಕೆ ಹೊಳೆಯ ಕಡೆಗೆ ಸರಿದರೆ ಸಾಕು. ಊರಿಗೆ ಜೀವ ಬಂದ ಹಾಗಾಯಿತು. ಹೆಣ್ಣು ಕೊಡಲು ಹಿಂದೇಟು ಹಾಕುತ್ತಿದ್ದ ಕಡೆಗಳಿಂದ ಮೂರು ಸಂಬಂಧ ಕುದುರಿತು. ಶಾಲೆಗೆ ಹೊಸ ಹೆಂಚಿನ ಮಾಡು ಬಂತು. ಮೀನುಗಾರರ ಸಂಘದ ಅಧ್ಯಕ್ಷ ರತ್ನಾಕರ ಶ್ರೀಯಾನ್, ಎರಡು ಬೋಟಿನ ಯಜಮಾನ, ಹತ್ತು ವರ್ಷದಿಂದ ಮುಂದೂಡುತ್ತಿದ್ದ ಮನೆಗೆ ಕೈ ಹಾಕಿದರು. ನಮ್ಮಮ್ಮ ಜಗುಲಿಗೆ ಟೈಲ್ಸ್ ಹಾಕಿಸಿಕೊಂಡರು. ದಾರಿಯಲ್ಲಿ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ ಹೇಳಲಿ.

ಇದೆಲ್ಲ ಫೆಬ್ರವರಿಯಲ್ಲಿ. ಏಪ್ರಿಲ್ ಮೂರನೇ ವಾರದ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಮಾವ ಎಂದೂ ಇಲ್ಲದ್ದು ನನ್ನ ಕೆಲಸದ ವಿಚಾರ ಕೇಳಿದರು. ಕಾಳಿನ ಲೆಕ್ಕ, ಸರಿಯುವ ದಿಣ್ಣೆ, ಮುಳುಗುವ ದಿಣ್ಣೆ ಎಲ್ಲ ಹೇಳಿದೆ. ಅನ್ನ ಕಲಸುತ್ತ ಕೇಳುತ್ತಿದ್ದರು.

“ನೀವ್ ಹೇಳಿದ ಜಾಗದಲ್ಲಿ ಮರಳ್ ಸಡಿಲ ಇತ್ತ್ ಮಾವ. ಪೂರಾ ಬೆರಕೆ. ಅದಕ್ಕೇ ನಾವ್ ಬಚಾವಾದ್ದ್,” ಎಂದೆ.

ಮಾವನ ಕೈ ನಿಂತಿತು. “ಅಲ್ಲಿ ಮರಳಿಲ್ಲ,” ಎಂದರು. “ಅಲ್ಲಿ ಕಲ್ಲ್. ಉದ್ದಕೆ ಗೋಡೆ ಕಟ್ಟಿದಂಗೆ ಇತ್ತ್. ಗಾಳದ ಗುಂಡ್ ಬಿದ್ರೆ ಟಣ್ ಅಂತ್.”

ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಯಾವ ಗುರ್ತ್ ತಪ್ಪ್ ಹೇಳಿದ್ರಿ?”

ಅವರು ಬಟ್ಟಲು ಬದಿಗೆ ಸರಿಸಿದರು. “ಚಿಮಣಿ ಮೂಗಿಗಲ್ಲ, ಬೆಟ್ಟದ ಹೆಗಲಿಗ್ ತಾಗ್ಕ್. ಇನ್ನೂ ಅರ್ಧ ಮೈಲಿ ಪಡುಕ್ ಹೋಯ್ಕ್.”

“ನಂಗೂ ಸುಳ್ಳ್ ಹೇಳಿದ್ರಿಯಾ ಮಾವ?”

“ನಿಂಗಲ್ಲ ಹೆಣೆ. ಅವ್ರ್ ಪುಸ್ತಕ ಹಿಡ್ಕಂಡ್ ಕೂತಿದ್ರಲೆ. ಬೇಲಿ ಹತ್ರ ಮತ್ತೆ ನಾಕ್ ಜನ. ನಾನ್ ಯೋಚ್ನೆ ಮಾಡಿ ಹೇಳ್ದ್ದಲ್ಲ. ಬಾಯಿಗ್ ಬಪ್ಪುದೇ ಹಾಂಗೆ. ನೀವ್ ಅದ್ರ್ ಮೇಲೆ ಊರ್ ಇರ್ಕಾ ಹೋಯ್ಕಾ ಅಂದೇಳಿ ನಿಶ್ಚಯ ಮಾಡ್ತ್ರಿ ಅಂದ್ ನಂಗೆಂತ ಗೊತ್ತ್?”

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಕೈ ತೊಳೆದೆ. ತೊಳೆಯುತ್ತಿರುವಾಗಲೇ ಆ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನನ್ನ ಮೇಲಿನದು ಎಂದೂ ಗೊತ್ತಾಯಿತು. ಕಲ್ಲು ಎಲ್ಲಿ ಎಂದು ಮೇಡಂ ಕೇಳಿದ್ದರು. ಈ ಊರಲ್ಲಿ ಹುಟ್ಟಿದವಳು ನಾನು, ಅವರಲ್ಲ.

ಅಮ್ಮ ಇಬ್ಬರನ್ನೂ ನೋಡಿದರು. “ಗೊತ್ತಿಪ್ಪುದ್ ನಾವ್ ಮೂರೇ ಜನಕ್ಕಲ್ದಾ? ಸರಿ ಜಾಗದಲ್ ಕಂಡ್ರೂ ಲೆಕ್ಕ ಹೀಂಗೇ ಬಪ್ಪುಕೂ ಸಾಕ್. ಸುಮ್ನೆ ಎಂತಕ್ ಮೈ ಮೇಲೆ ಹಾಕ್ಕಂಬುದ್?”

 ಮಾವ ಊಟ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು. ಜಗುಲಿಯ ಮೇಲೆ ಅಲೆ ಹಾರಿಸಿ ತಂದ ಮರಳು ಬಿದ್ದಿತ್ತು. ನಾಲ್ಕು ವರ್ಷದಿಂದ ಬೇಸಿಗೆಯಲ್ಲೂ ಬೀಳುತ್ತಿದೆ; ಹೆಂಗಸರು ದಿನಕ್ಕೆರಡು ಸಲ ಗುಡಿಸುತ್ತಾರೆ. ಅಮ್ಮ ಪೊರಕೆ ತೆಗೆದುಕೊಂಡು ಗುಡಿಸಿದರು.

ಸೋಮವಾರ ಬೆಳಿಗ್ಗೆ ಮೇಡಂಗೆ ಎಲ್ಲ ಹೇಳಿ, ಕೆಲಸ ಬಿಡಲು ಸಿದ್ಧಳಿದ್ದೇನೆ ಎಂದೆ. ಅವರು ಫೆಬ್ರವರಿಯ ವರದಿ ತೆಗೆದು ಟೇಬಲ್ಲಿನ ಮೇಲೆ ಇಟ್ಟರು.

“ಕೆಲಸ ಬಿಟ್ಟು ಏನ್ ಮಾಡ್ತೀರಿ? ಕಲ್ಲು ಇಲ್ಲ ಅಂತ ನನಗೂ ಕಂಡಿತ್ತಲ್ಲ. ಒಳ್ಳೇ ಸುದ್ದಿ ಬಂತು ಅಂತ ನಾನೂ ಎರಡನೇ ಸಲ ಓದಲಿಲ್ಲ,” ಎಂದರು. “ಈಗ ನಿಮ್ಮ ಮಾವಾರನ್ನ ಕರಕೊಂಡು ಬರ್ರಿ. ಮಳಿ ಶುರು ಆಗೂದ್ರೊಳಗ ಓದಬೇಕು.”

ಬುಧವಾರ ಸರ್ವೆ ದೋಣಿಯಲ್ಲಿ ನಾವು ಮೂವರೇ ಹೋದೆವು. ಮಾವ ಮುಂದೆ ನಿಂತು ಕೈಯಲ್ಲೇ ಎಡ ಬಲ ತೋರಿಸುತ್ತಿದ್ದರು. ಚಿಮಣಿ ಬೆಟ್ಟದ ಮೂಗು ದಾಟಿತು, ಕೆನ್ನೆ ದಾಟಿತು, ಹೆಗಲಿಗೆ ಬಂದು ಕೂತಿತು. ಮಾವ ಕೈ ಎತ್ತಿದರು. ಕ್ಯಾಮೆರಾ ಇಳಿಸಿದೆವು.

ಅವರು ಹೇಳಿದ್ದು ನಿಜ. ಗೋಡೆಯ ಹಾಗೆ ಉದ್ದಕ್ಕೆ ಕಲ್ಲು, ಉತ್ತರ ದಕ್ಷಿಣಕ್ಕೆ, ಸುತ್ತ ಮೀನೋ ಮೀನು. ಮೇಡಂ ಪರದೆಗೆ ಮುಖ ತಾಗಿಸಿದರು. ಅದು ಬೆಟ್ಟದ ಕಲ್ಲಲ್ಲ. ಚಿಪ್ಪಿನ ಸುಣ್ಣ ಅಂಟಿ ಗಟ್ಟಿಯಾದ ಮರಳು. ಅಂದರೆ ಮಾವ ಐವತ್ತು ವರ್ಷ ಗಾಳ ಹಾಕಿದ್ದು ಹಳೇ ದಿಣ್ಣೆಯ ನೆತ್ತಿಯ ಮೇಲೆ.

ಮೂರು ಜಾಗದಲ್ಲಿ ಕೊಡಪಾನ ಕೂರಿಸಿದೆವು. ದೋಣಿಯ ಸಣ್ಣ ಪರದೆಯಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಂದು ಕೂತವು. ಚೆದುರಲಿಲ್ಲ. ಒಂದು ಮೈಲಿ ಉದ್ದದ ದಿಣ್ಣೆ ಪೂರ್ತಿ ಆರು ವರ್ಷದೊಳಗೆ ಬಿಸಿಲಿನಿಂದ ಮರೆಯಾಗಿತ್ತು, ಯಂತ್ರದ ನಾಲ್ಕೈದು ವರ್ಷದ ತಪ್ಪು ಕಳೆದರೆ ಒಂದೆರಡು ಮಳೆಗಾಲದಲ್ಲಿ. ಫೆಬ್ರವರಿಯಲ್ಲಿ ನಾವು ಓದಿದ್ದು ಅದರ ಹಿಂದೆ ಚೆಲ್ಲಿದ ಮರಳು. ನಿಂತಲ್ಲೇ ಮುಳುಗುವ ದಿಣ್ಣೆ ಮೊದಲು ಹಾಗೆ ಹಿಂದಕ್ಕೆ ಚೆಲ್ಲುತ್ತದೆ, ನಮ್ಮ ಜಗುಲಿಗೆ ಚೆಲ್ಲುತ್ತಿರುವ ಹಾಗೆ.

ಮೂರನೇ ಜಾಗದಲ್ಲಿ ಕ್ಯಾಮೆರಾಕ್ಕೆ ಇನ್ನೊಂದು ಸಿಕ್ಕಿತು. ಕಲ್ಲಿನ ಮೂಡಣ ಮಗ್ಗುಲಲ್ಲಿ, ಗಾಳಿಗೆ ಮರೆಯಾದ ಕಡೆ, ಚಿಪ್ಪಿನ ರಾಶಿ. ಅಲೆ ತಂದು ಹಾಕಿದ್ದಲ್ಲ. ಒಂದೊಂದು ಚಿಪ್ಪೂ ಒಂದೇ ಕಡೆ ಮೀಟಿ ತೆರೆದದ್ದು. ಪಕ್ಕದಲ್ಲಿ ಮೂರು ಕಲ್ಲು ಮುಖಾಮುಖಿ ಕೂತಿದ್ದವು, ಒಳಮೈ ಸುಟ್ಟು ಕೆಂಪಾಗಿತ್ತು.

“ಒಲೆ,” ಎಂದರು ಮಾವ. ಅದನ್ನು ಹೇಳಲು ಪುರಾತತ್ವದವರೇ ಬೇಕೆಂದಿಲ್ಲ.

ಬಿಸಿಲಿನ ಹಾಗೆ ಬೆಂಕಿಯೂ ಕಾಳಿನ ಲೆಕ್ಕ ಅಳಿಸುತ್ತದೆ. ಒಲೆಯ ಕಲ್ಲಿನ ಪಕ್ಕಕ್ಕೇ ಕೊಡಪಾನ ಕೂರಿಸಿ ಕೊನೆಯ ಸಲ ಬೆಂಕಿ ಹಾಕಿದ್ದು ಯಾವಾಗ ಎಂದು ಕೇಳಿದೆವು. ಬಂದ ವರ್ಷವೂ ದಿಣ್ಣೆ ಮುಳುಗಿದ ವರ್ಷವೂ ಒಂದೇ ಗೆರೆಯ ಮೇಲೆ ಬಿದ್ದವು. ಒಂಬತ್ತು ಸಾವಿರ ವರ್ಷ ಹಿಂದೆ ಅಲ್ಲಿದ್ದವರು ಮುಂಚೆಯೇ ಬಿಟ್ಟು ಹೋಗಿರಲಿಲ್ಲ. ಕೊನೆಯ ಮಳೆಗಾಲದ ತನಕ ಅಲ್ಲೇ ಅಡುಗೆ ಮಾಡಿಕೊಂಡಿದ್ದರು. ಮೇಡಂ ತಮ್ಮ ಜೀವಮಾನದ ದೊಡ್ಡ ಶೋಧ ಕಂಡ ದಿನ ಅದು. ಅವರು ಯಂತ್ರ ಮೇಲೆತ್ತಿಸಿ, ದೋಣಿಯನ್ನು ದಡಕ್ಕೆ ತಿರುಗಿಸಲು ಹೇಳಿದರು.

ಪಡುಕೋಡಿಗೂ ಅಷ್ಟೇ ಅವಧಿ. ಒಂದು ಮಳೆಗಾಲ, ಹೆಚ್ಚೆಂದರೆ ಎರಡು. ಮಳೆಗೆ ಆರು ವಾರವಿತ್ತು.

ಶುಕ್ರವಾರ ಸಂಜೆ ಸಂಘದ ಸಭಾಭವನದಲ್ಲಿ ಊರು ಸೇರಿತು. ಮೇಡಂ ಎರಡೂ ಚಿತ್ರ ಗೋಡೆಯ ಮೇಲೆ ತೋರಿಸಿದರು, ಚೆದುರಿದ್ದು ಒಂದು, ಗೆರೆ ಕಟ್ಟಿದ್ದು ಒಂದು. ಕಡಲು ದಿಣ್ಣೆಯನ್ನು ಒಡೆದರೆ ಆಮೇಲೆ ಹೊಳೆಯ ಸೇತುವೆಗೆ ದಾರಿಯೇ ಇರುವುದಿಲ್ಲ, ಮುಳುಗುವ ಊರಿನವರಿಗೆಂದು ಸರಕಾರ ಗುಡ್ಡದ ಮೇಲೆ ಕಟ್ಟಿಸಿದ ಕಾಲನಿಗೆ ಈಗಲೇ ಹೊರಡಬೇಕು ಎಂದರು. ಫೆಬ್ರವರಿಯ ತಪ್ಪು ನಮ್ಮದು ಎಂದು ಕೈ ಮುಗಿದರು. ನಾನೂ ಎದ್ದು ನಿಂತು ಹೇಳಿದೆ, ನನಗೆ ಅನುಮಾನ ಬಂದಿತ್ತು, ಮುಚ್ಚಿಕೊಂಡೆ ಎಂದು. ನಿನ್ನೆ ತನಕ ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದವರು ಮುಖ ತಿರುಗಿಸಿದರು.

“ಆವತ್ತ್ ಇಪ್ಪುಕ್ ಅಕ್ಕ್ ಅಂದ್ರಿ, ಇವತ್ತ್ ಹೋಯ್ಕ್ ಅಂತ್ರಿ,” ಎಂದಳು ಹಿಂದಿನ ಸಾಲಿನ ಹೆಂಗಸೊಬ್ಬಳು. “ಮುಂದಿನ ತಿಂಗ್ಳ್ ಎಂತ ಹೇಳ್ತ್ರಿ?”

ಆಗ ಮಾವ ಎದ್ದರು. ಗುರ್ತು ತಪ್ಪು ಹೇಳಿದವ ತಾನು ಎಂದರು, ಎರಡನೇ ಸಲ ಸರಿ ಜಾಗಕ್ಕೆ ತಾನೇ ಕರೆದುಕೊಂಡು ಹೋದೆ ಎಂದರು. ಯಾರೋ ನಕ್ಕರು. ಒಬ್ಬರು ನಕ್ಕಿದ್ದು ಹತ್ತು ಜನಕ್ಕೆ ಹತ್ತಿತು. ಅದು ಖುಷಿಯ ನಗೆಯಲ್ಲ.

ರತ್ನಾಕರಣ್ಣ ನಗಲಿಲ್ಲ. ಅವರ ಹೊಸ ಮನೆಗೆ ಅದೇ ವಾರ ಮೇಲ್ಛಾವಣಿ ಹಾಕಿಸಿ ಆಗಿತ್ತು. “ವಾಮನಣ್ಣ,” ಎಂದರು, “ನಲ್ವತ್ತ್ ವರ್ಷ ನಿಮ್ಮ್ ದೋಣಿ ಹಿಂದೆ ದೋಣಿ ಬಿಟ್ಟವ ನಾನ್. ಒಂದೇ ಒಂದ್ ದಿನ ಸರಿ ಜಾಗ ಹೇಳಿದ್ರಿಯಾ? ನಾವೂ ನಿಮ್ಗೆ ಹೇಳ್ಲಿಲ್ಲ, ಆ ಮಾತ್ ಬೇರೆ. ಈಗ ಹೇಳುದ್ ಸರಿ ಅಂದೇಳಿ ನಾನ್ ಹ್ಯಾಂಗೆ ನಂಬುದ್? ಯಂತ್ರ ಸುಳ್ಳ್ ಹೇಳುದಿಲ್ಲ, ಸರಿ. ಯಂತ್ರ ಇಳ್ಸಿದ ಜಾಗ ನಿಮ್ದೇ ಅಲ್ದಾ?”

ಮೇಡಂ ಏನೋ ಹೇಳಲು ಹೋದರು. ಅವರ ಬಳಿ ನಕ್ಷೆ ಇತ್ತು, ಅಂಕಿ ಇತ್ತು, ಕಲ್ಲಿನ ಚಿತ್ರವೂ ಇತ್ತು. ಕಡಲಿನಲ್ಲಿ ಕಲ್ಲು ಎಲ್ಲಾದರೂ ಸಿಕ್ಕೀತು, ಚಿತ್ರ ಎಲ್ಲಿಯದೂ ಆಗಬಹುದು ಎಂದರೆ ಅದು ಯಾವುದೂ ನಿಲ್ಲುವುದಿಲ್ಲ. ಸುಳ್ಳು ಹೇಳುವುದು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ನಿಜ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಮಾವ ಕೂರಲಿಲ್ಲ. “ನಾಳೆ ಬೆಳಿಗ್ಗೆ ಎಲ್ಲಾ ದೋಣಿ ಬರ್ಲಿ,” ಎಂದರು. “ಗಾಳ ತಕಂಡ್ ಬನ್ನಿ.”

“ಅಣ್ಣಾ,” ಎಂದರು ಅಮ್ಮ.  ಸಭಾಭವನದಲ್ಲಿ ನಗೆ ನಿಂತುಹೋಯಿತು. ತನ್ನ ಕಲ್ಲಿಗೆ ಊರನ್ನು ಕರೆದವರು ಈ ಕರಾವಳಿಯಲ್ಲಿ ಯಾರೂ ಇರಲಿಲ್ಲ, ಇದ್ದರೂ ನಾವು ಕೇಳಿರಲಿಲ್ಲ.

ಶನಿವಾರ ಮೂವತ್ತೊಂದು ದೋಣಿ ಹೊರಟವು. ಎಲ್ಲಕ್ಕಿಂತ ಮುಂದೆ ಮಾವನ ಚಿಕ್ಕ ದೋಣಿ, ಅದರಲ್ಲಿ ನಾನು. ಬೆಳಗಿನ ಬಿಸಿಲಿಗೆ ಗುಡ್ಡ, ಚಿಮಣಿ, ಲೈಟ್‌ಹೌಸು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಜಾಗ ಬಂದಾಗ ಮಾವ ಇಂಜಿನ್ ನಿಲ್ಲಿಸಿ, ಎದ್ದು ನಿಂತು, ಹಿಂದಿನವರಿಗೆಲ್ಲ ಕೇಳುವ ಹಾಗೆ ಎರಡೂ ಗುರ್ತು ಕೂಗಿ ಹೇಳಿದರು. ಮತ್ತೊಮ್ಮೆ ಹೇಳಿದರು. ಹುಡುಗರು ಜಿಪಿಎಸ್ ಒತ್ತಿಕೊಂಡರು. ಹಳಬರು ತಲೆ ತಿರುಗಿಸಿ ಚಿಮಣಿ ನೋಡಿದರು, ಲೈಟ್‌ಹೌಸು ನೋಡಿದರು, ಮನಸ್ಸಿನಲ್ಲೇ ಇಟ್ಟುಕೊಂಡರು.

ಗಾಳಗಳು ಇಳಿದವು. ಮೊದಲು ಮೇಲೆ ಬಂದದ್ದು ತೋಳುದ್ದದ ಕೆಂಬೇರಿ. ಅದನ್ನು ಬಿಡಿಸುವಷ್ಟರಲ್ಲಿ ಪಕ್ಕದ ದೋಣಿಯಲ್ಲಿ ಎರಡು. ಆಮೇಲೆ ಲೆಕ್ಕವಿಲ್ಲ. ಮುರು ಬಂತು, ಮತ್ತೆ ಕೆಂಬೇರಿ. ಇಷ್ಟು ಮೀನು ಸಿಕ್ಕರೆ ನಮ್ಮವರು ಬೊಬ್ಬೆ ಹೊಡೆದು ಕಡಲನ್ನೇ ಎಬ್ಬಿಸುತ್ತಾರೆ. ಆವತ್ತು ಯಾರೂ ಬೊಬ್ಬೆ ಹಾಕಲಿಲ್ಲ. ಒಂದೊಂದು ಮೀನು ಮೇಲೆ ಬಂದಾಗಲೂ ಮಾತು ಇನ್ನಷ್ಟು ಕಡಿಮೆಯಾಯಿತು. ಮಾವ ಗಾಳ ಇಳಿಸಲೇ ಇಲ್ಲ, ಕೈ ಮಡಿಚಿ ಕೂತು ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಆ ಕಲ್ಲಿನ ಮೀನು ಮುಗಿಯಲು ಆಮೇಲೆ ಹನ್ನೊಂದು ದಿನ ಸಾಕಾಯಿತು.

ಗಂಟೆಯೊಳಗೆ ರತ್ನಾಕರಣ್ಣನ ದೋಣಿ ನಮ್ಮದಕ್ಕೆ ಬಂದು ತಾಗಿತು. ಅವರ ಕೈ ರಕ್ತ, ಲೋಳೆ. ಹಿಡಿದ ಮೀನಿನ ಕಡೆ ನೋಡದೆ ದಡದ ಕಡೆ ನೋಡುತ್ತಿದ್ದರು. ಅಲ್ಲಿಂದ ಪಡುಕೋಡಿ ಎಂದರೆ ತೆಂಗಿನ ತಲೆಗಳ ಒಂದು ತೆಳು ಗೆರೆ.

“ಸುಳ್ಳ್ ಹೇಳುಕ್ ಈ ಜಾಗ ಯಾರೂ ಕೊಡುದಿಲ್ಲ, ವಾಮನಣ್ಣ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಮಳೆಗ್ ಎಷ್ಟ್ ದಿನ ಇತ್ತ್?”

“ನಲ್ವತ್ತ್ ದಿನ ಇಲ್ಲ ಅಣ್ಣ.”

ಅವರು ಎದ್ದು ನಿಂತು ಉಳಿದ ದೋಣಿಗಳಿಗೆ ಕೂಗಿದರು. “ಗಾಳ ಎಳೀನಿ. ಸಾಕ್. ಇವತ್ತಿಂದ್ಲೇ ಮನೆ ಬಿಚ್ಚುಕ್ ಶುರು ಮಾಡ್ಕ್. ಮೊದ್ಲ್ ಪಡುಬದಿ ಸಾಲ್, ಮತ್ತೆ ಶಾಲೆ.”  ಒಂದೊಂದಾಗಿ ಇಂಜಿನ್‌ಗಳು ಶುರುವಾದವು, ದೋಣಿಗಳು ದಡಕ್ಕೆ ಮುಖ ಮಾಡಿದವು.

ನಾವು ಕೊನೆಗೆ ಉಳಿದೆವು. ಮಾವ ದೋಣಿಯ ಅಂಚಿನಿಂದ ಬಗ್ಗಿ ನೀರು ನೋಡುತ್ತಿದ್ದರು. ಹನ್ನೆರಡು ಮಾರು ಕೆಳಗಿನದು ಮೇಲಿಂದ ಕಾಣುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು.

“ಆ ಒಲೆ ಹತ್ರ ಇದ್ದವ್ರಿಗೆ ಯಾರೂ ಹೇಳ್ಲಿಲ್ಯಾ ಹೆಣೆ, ಹೊರಡಿ ಅಂದೇಳಿ?”

“ಗೊತ್ತಿಲ್ಲ ಮಾವ. ಯಾರೋ ಹೇಳಿಪ್ಪುಕೂ ಸಾಕ್. ನಂಬ್ಲಿಲ್ಲ ಕಾಣತ್.”

ಮಾವ ಇಂಜಿನ್ನಿನ ಹಗ್ಗ ಕೈಗೆ ಸುತ್ತಿಕೊಂಡರು.

“ಹೇಳ್ದವ ನನ್ನಂಥವನೇ ಆಗಿರ್ಕ್,” ಎಂದು ಎಳೆದರು.